ಎರಡನೇ ಪ್ರಶ್ನೆ

ವಿಜ್ಞಾನ ಸಮ್ಮೇಳನಗಳಲ್ಲಿ ಸಂಶೋಧನೆಯನ್ನು ಒಂದು ದೊಡ್ಡ ಹಾಳೆಯಲ್ಲಿ ಬರೆದು ಅಂಟಿಸಿ, ಪಕ್ಕದಲ್ಲಿ ನಿಂತು ವಿವರಿಸುವುದುಂಟು. ಅಂಥ ನನ್ನ ಮೊದಲ ಪೋಸ್ಟರ್‌ಗೆ ಸಿಕ್ಕ ಜಾಗ ಸಭಾಂಗಣದ ತುತ್ತತುದಿಯಲ್ಲಿತ್ತು, ತುರ್ತು ನಿರ್ಗಮನದ ಬಾಗಿಲ ಪಕ್ಕ. ಪಿನ್ನುಗಳು ಸಾಲದೆ ಕೆಳಗಿನ ಎರಡು ಮೂಲೆಗಳು ಸುರುಳಿಯಾಗಿ ಮೇಲೇಳುತ್ತಿದ್ದವು. ಎರಡು ಗಂಟೆಯ ಸೆಷನ್. ಮೊದಲ ಒಂದೂಕಾಲು ಗಂಟೆಯಲ್ಲಿ ಬಂದವರು ಮೂವರು. ಒಬ್ಬರು ಶೌಚಾಲಯ ಎಲ್ಲಿದೆ ಎಂದು ಕೇಳಿದರು. ಇನ್ನೊಬ್ಬರು ನನ್ನ ಕೊರಳಲ್ಲಿದ್ದ ಬ್ಯಾಡ್ಜ್ ಓದಿ, ತಮಗೆ ಬೇಕಾದವರು ನಾನಲ್ಲ ಎಂದು ಖಾತ್ರಿ ಮಾಡಿಕೊಂಡು ಮುಂದೆ ಹೋದರು. ಮೂರನೆಯವರು ಪೋಸ್ಟರನ್ನು ಮೇಲಿಂದ ಕೆಳಗೆ ನೋಡಿ 'ಇಂಟರೆಸ್ಟಿಂಗ್' ಎಂದರು. ಸಮ್ಮೇಳನಗಳಲ್ಲಿ ಆ ಪದಕ್ಕೆ 'ಸರಿ, ನಾನಿನ್ನು ಬರುತ್ತೇನೆ' ಎಂಬ ಅರ್ಥವೂ ಇದೆ ಎಂದು ಆಗ ನನಗೆ ಗೊತ್ತಿರಲಿಲ್ಲ, ನಾನು ಖುಷಿಪಟ್ಟೆ.

ಪೋಸ್ಟರ್ ಒಂದು ಕಿಣ್ವದ ಬಗ್ಗೆ, ಎಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ಒಂದು ಪ್ರೋಟೀನಿನ ಬಗ್ಗೆ. ಅದರ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರ ಕೈಯಲ್ಲಿ ಕಿಣ್ವ ಮಾಡಿಸಿ, ಶುದ್ಧ ಮಾಡಿ, ಆಮೇಲೆ ಅಲ್ಲೊಂದು ಇಲ್ಲೊಂದು ಅಮೈನೋ ಆಮ್ಲ ಬದಲಿಸಿ ಹೆಚ್ಚು ಬಿಸಿ ತಡೆಯುವ ಹಾಗೆ ಮಾಡುವುದು ಯೋಜನೆ. ನಾನು ಎಂಟು ತಿಂಗಳಿಂದ ಮೊದಲ ಮೆಟ್ಟಿಲಲ್ಲೇ ನಿಂತಿದ್ದೆ. ಬ್ಯಾಕ್ಟೀರಿಯಾ ಪ್ರೋಟೀನನ್ನು ಧಾರಾಳವಾಗಿ ಮಾಡುತ್ತಿತ್ತು, ಆದರೆ ಅದು ಸರಿಯಾಗಿ ಮಡಚಿಕೊಳ್ಳದೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತಿತ್ತು. ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಪ್ರೋಟೀನೆಲ್ಲ ತಳದಲ್ಲಿ ಕೂರುವ ಗಟ್ಟಿ ಉಂಡೆಯಲ್ಲಿ, ಅಂದರೆ ಪೆಲೆಟ್‌ನಲ್ಲಿ. ಮೇಲಿನ ತಿಳಿದ್ರವದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಪೋಸ್ಟರಿನಲ್ಲಿ ನಾನು ಇದನ್ನು ಆದಷ್ಟು ಮುಚ್ಚಿಟ್ಟಿದ್ದೆ. ಕಂಪ್ಯೂಟರ್ ಮಾದರಿಯ ಬಣ್ಣಬಣ್ಣದ ಚಿತ್ರಗಳು ನಡುವೆ ದೊಡ್ಡದಾಗಿ, ಪ್ರೋಟೀನು ಎಲ್ಲಿದೆ ಎಂದು ಪಟ್ಟಿಗಳಾಗಿ ತೋರಿಸುವ ಜೆಲ್ ಫೋಟೋ ಕೆಳಗಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು.

ಸೆಷನ್ ಮುಗಿಯುವ ಹೊತ್ತಿಗೆ ಹಿರಿಯ ವಿಜ್ಞಾನಿಯೊಬ್ಬರು ಬಂದರು. ನೇರವಾಗಿ ಆ ಮೂಲೆಗೇ ಬಗ್ಗಿದರು.

"ಎಲ್ಲ ಪೆಲೆಟ್‌ಗೇ ಹೋಗುತ್ತಿದೆಯಾ?"

ಹೌದು ಎಂದೆ. ಕಳ್ಳತನ ಸಿಕ್ಕಿಬಿದ್ದಂತಾಗಿ, ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದೆ: ತಾಪಮಾನ 16 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಬೆಳೆಸಿದ್ದು, ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ಐಪಿಟಿಜಿ ಎಂಬ ರಾಸಾಯನಿಕವನ್ನು ಕಡಿಮೆ ಮಾಡಿದ್ದು, ಮಡಚಲು ನೆರವಾಗುವ ಶ್ಯಾಪೆರೋನ್ ಪ್ರೋಟೀನುಗಳನ್ನು ಜೊತೆಗೆ ಕೊಟ್ಟು ನೋಡಿದ್ದು. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಹಿಸ್-ಟ್ಯಾಗ್ ಯಾವ ತುದಿಯಲ್ಲಿದೆ?"

ಸಿ ತುದಿಯಲ್ಲಿ, ಎಂದರೆ ಪ್ರೋಟೀನ್ ಸರಪಳಿಯ ಕೊನೆಯಲ್ಲಿ. ಶುದ್ಧೀಕರಣಕ್ಕೆಂದು ಪ್ರೋಟೀನಿನ ಬಾಲಕ್ಕೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಆರು ಸಲ ಅಂಟಿಸುವುದು ಮಾಮೂಲಿ, ಅದೇ ಹಿಸ್-ಟ್ಯಾಗ್. ಜೀನನ್ನು ಬ್ಯಾಕ್ಟೀರಿಯಾದೊಳಕ್ಕೆ ಹೊತ್ತೊಯ್ಯುವ ಡಿಎನ್‌ಎ ಉಂಗುರ, ಪ್ಲಾಸ್ಮಿಡ್, ನಮ್ಮ ಲ್ಯಾಬಿನಲ್ಲಿದ್ದದ್ದು ಹಾಗಿತ್ತು, ಹಾಗಾಗಿ ಹಾಕಿದ್ದೆ, ಯೋಚನೆಯನ್ನೇ ಮಾಡಿರಲಿಲ್ಲ. ಅವರು ನನ್ನ ಅನುಮತಿ ಕೇಳಿ, ಪೋಸ್ಟರಿನ ಮೇಲೇ ಪೆನ್ನಿನಿಂದ ಒಂದರ ಪಕ್ಕ ಒಂದು ಎರಡು ಬೆಂಡೆಕಾಯಿಯಂಥ ಆಕಾರ ಬರೆದರು. ಈ ಕುಟುಂಬದ ಕಿಣ್ವಗಳು ಜೋಡಿಯಾಗಿ ನಿಲ್ಲುತ್ತವೆ, ಒಂದರ ಬಾಲ ಇನ್ನೊಂದರ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಬಾಲಕ್ಕೆ ಗಂಟು ಹಾಕಿದರೆ ಜೋಡಿ ಕೂರುವುದೆಲ್ಲಿ? "ನಾವೂ ಇದರಲ್ಲಿ ಒಂದು ವರ್ಷ ಕಳೆದುಕೊಂಡೆವು," ಎಂದರು. "ಎಲ್ಲೂ ಬರೆಯಲಿಲ್ಲ. ಇಂಥದ್ದನ್ನು ಯಾರು ಅಚ್ಚು ಹಾಕುತ್ತಾರೆ?"

ವಾಪಸು ಬಂದು ಟ್ಯಾಗನ್ನು ಎನ್ ತುದಿಗೆ, ಎಂದರೆ ಸರಪಳಿಯ ಆರಂಭಕ್ಕೆ, ಸಾಗಿಸಿದೆ. ಮೂರು ವಾರದ ಮೇಲೆ ತಿಳಿದ್ರವದ ಲೇನ್‌ನಲ್ಲಿ ಬ್ಯಾಂಡ್ ಕಾಣಿಸಿತು. ಎಲ್ಲ ಬಂದಿರಲಿಲ್ಲ, ಅರ್ಧದಷ್ಟು ಇನ್ನೂ ಪೆಲೆಟ್‌ನಲ್ಲೇ ಇತ್ತು. ಆದರೆ ಮುಂದಿನ ಕೆಲಸಕ್ಕೆ ಅಷ್ಟು ಸಾಕಿತ್ತು.

ಯುವ ಸಂಶೋಧಕರಿಗೆ ಸಮ್ಮೇಳನದಿಂದ ಏನು ಸಿಗಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಎರಡನೇ ಪ್ರಶ್ನೆ. ಮೊದಲ ಪ್ರಶ್ನೆಯನ್ನು ಯಾರು ಬೇಕಾದರೂ ಕೇಳಬಹುದು, ಪೋಸ್ಟರಿನ ಮೇಲೆ ಕಣ್ಣಾಡಿಸಿದರೆ ಸಾಕು. ಎರಡನೆಯದನ್ನು ಕೇಳಬೇಕಾದರೆ ಮೊದಲನೆಯದಕ್ಕೆ ಬಂದ ಉತ್ತರವನ್ನು ಕೇಳಿಸಿಕೊಂಡಿರಬೇಕು. ಪ್ರಯಾಣಧನ, ಪ್ರಶಸ್ತಿ, ಫಲಕ, ಗ್ರೂಪ್ ಫೋಟೋ ಎಲ್ಲ ಇರಲಿ. ಹೊಸಬರ ಕೆಲಸದ ಮುಂದೆ ಅನುಭವಿಗಳೊಬ್ಬರು ಹತ್ತು ನಿಮಿಷ ನಿಲ್ಲುವ ಹಾಗೆ ಮಾಡಲಾಗದಿದ್ದರೆ ಉಳಿದದ್ದಕ್ಕೆ ಖರ್ಚು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರೋಟೀನಿನಂಥ ಜೀವದ ಅಣುಗಳನ್ನು ಬೇಕಾದ ಹಾಗೆ ತಿದ್ದುವ ನಮ್ಮ ವಿಷಯದಲ್ಲಿ, ಬಯೋಮಾಲಿಕ್ಯುಲರ್ ಎಂಜಿನಿಯರಿಂಗ್‌ನಲ್ಲಿ, ಇದು ಇನ್ನೂ ಹೆಚ್ಚು ಬೇಕು. ಈ ವಿಷಯಕ್ಕೆ ಸ್ವಂತ ಮನೆ ಅಂತ ಇರಲಿಲ್ಲ. ಎಂಜಿನಿಯರುಗಳ ಸಭೆಗೆ ಹೋದರೆ 'ಇದು ಜೀವಶಾಸ್ತ್ರ' ಎನ್ನುತ್ತಾರೆ, ಜೀವಶಾಸ್ತ್ರದವರ ಸಭೆಗೆ ಹೋದರೆ 'ಇದರಲ್ಲಿ ಜೀವಶಾಸ್ತ್ರದ ಪ್ರಶ್ನೆ ಯಾವುದು?' ಎನ್ನುತ್ತಾರೆ. 1908ರಲ್ಲಿ ಹುಟ್ಟಿದ ಅಮೆರಿಕದ ಕೆಮಿಕಲ್ ಎಂಜಿನಿಯರುಗಳ ಸಂಸ್ಥೆ ತನ್ನೊಳಗೆ ಸೊಸೈಟಿ ಫಾರ್ ಬಯಲಾಜಿಕಲ್ ಎಂಜಿನಿಯರಿಂಗ್ ಎಂಬ ಬಳಗವನ್ನು ಕಟ್ಟಿದ್ದು 2004ರಲ್ಲಿ. ಬಯೋಮಾಲಿಕ್ಯುಲರ್ ಎಂಜಿನಿಯರಿಂಗ್‌ಗೆಂದೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಸುವುದು ಈ ಬಳಗವೇ. ಒಂದೇ ಹಾಲ್‌ನಲ್ಲಿ ಪ್ರೋಟೀನ್ ವಿನ್ಯಾಸದವರು, ಕೋಶಗಳ ಚಯಾಪಚಯ ತಿದ್ದುವವರು, ಸೂಕ್ಷ್ಮಜೀವಿ ಬೆಳೆಸುವ ರಿಯಾಕ್ಟರ್ ನಡೆಸುವವರು, ಬರೀ ಕೋಡ್ ಬರೆಯುವವರು ಸೇರಿದಾಗ, ಎರಡು ವರ್ಷ ಒಂದು ಲ್ಯಾಬಿನೊಳಗೆ ಕೂತ ವಿದ್ಯಾರ್ಥಿಗೆ ಮೊದಲ ಬಾರಿ 'ಓ, ನಾನೂ ಒಂದು ಜಾತಿಗೆ ಸೇರಿದವನೇ' ಅನ್ನಿಸುತ್ತದೆ.

ಇನ್ನೊಂದು ಕಾರಣ, ನಮ್ಮ ಕೆಲಸದ ಬಹುಪಾಲು ಸೋಲೇ. ನೂರಾರು ರೂಪಾಂತರಗಳನ್ನು ಮಾಡಿ ಸೋಸಿದರೆ ಕೈಗೆ ಹತ್ತುವುದು ಒಂದೆರಡು. ಪ್ರಬಂಧದಲ್ಲಿ ಬರುವುದು ಆ ಒಂದೆರಡರ ಕಥೆ. ಉಳಿದದ್ದು ಬಾಯಿಂದ ಬಾಯಿಗೆ ಹೋಗಬೇಕು, ಮತ್ತು ಸೋಲನ್ನು ಬಾಯಿಬಿಡಲು ಧೈರ್ಯ ಬೇಕು. ಕಿಣ್ವಗಳನ್ನು ಪ್ರಯೋಗಾಲಯದಲ್ಲೇ ವಿಕಾಸಗೊಳಿಸುವ ವಿಧಾನಕ್ಕಾಗಿ 2018ರಲ್ಲಿ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್, 2020ರ ಜನವರಿಯಲ್ಲಿ ತಮ್ಮದೊಂದು ಪ್ರಬಂಧವನ್ನು ಹಿಂತೆಗೆದುಕೊಂಡರು. ಫಲಿತಾಂಶ ಮತ್ತೆ ಬರುತ್ತಿಲ್ಲ, ಸಲ್ಲಿಸುವಾಗ ನನಗೆ ಪುರಸೊತ್ತಿರಲಿಲ್ಲ, ನನ್ನ ಕೆಲಸ ನಾನು ಸರಿಯಾಗಿ ಮಾಡಲಿಲ್ಲ ಎಂದು ಟ್ವಿಟರ್‌ನಲ್ಲಿ ತಾವೇ ಹೇಳಿಕೊಂಡರು. ಮೆಚ್ಚಬೇಕಾದ್ದೇ. ಆದರೆ ನೊಬೆಲ್ ಬಂದವರು ಹೀಗೆ ಹೇಳಿದರೆ ಗೌರವ ಏರುತ್ತದೆ. ಎರಡನೇ ವರ್ಷದ ಪಿಎಚ್‌.ಡಿ. ವಿದ್ಯಾರ್ಥಿ ಹೇಳಿದರೆ 'ಕೈ ಪಳಗಿಲ್ಲ' ಎನ್ನುತ್ತಾರೆ.

ಅದಕ್ಕೇ ನನಗೆ ಗಾರ್ಡನ್ ಸಮ್ಮೇಳನಗಳ ಕ್ರಮ ಇಷ್ಟ. 1931ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನೀಲ್ ಗಾರ್ಡನ್ ಎಂಬ ರಸಾಯನಶಾಸ್ತ್ರಜ್ಞರು ಶುರು ಮಾಡಿದ್ದು. ಅಲ್ಲಿ ಹೇಳಿದ್ದನ್ನು ರೆಕಾರ್ಡ್ ಮಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಹೇಳಿದವರ ಒಪ್ಪಿಗೆಯಿಲ್ಲದೆ ಎಲ್ಲೂ ಬಳಸುವಂತಿಲ್ಲ. ಬೆಳಗ್ಗೆ ಮತ್ತು ಸಂಜೆ ಉಪನ್ಯಾಸ, ಮಧ್ಯಾಹ್ನ ಬಹುಪಾಲು ಬಿಡುವು. ಎಷ್ಟೋ ಗಾರ್ಡನ್ ಸಮ್ಮೇಳನಗಳಿಗೆ ಮುಂಚೆ, ಅದೇ ಜಾಗದಲ್ಲಿ, ವಿದ್ಯಾರ್ಥಿಗಳೂ ಪಿಎಚ್‌.ಡಿ. ಆಗಷ್ಟೇ ಮುಗಿಸಿದ ಪೋಸ್ಟ್‌ಡಾಕ್‌ಗಳೂ ತಾವೇ ನಡೆಸುವ ಚಿಕ್ಕ ಸೆಮಿನಾರ್ ಇರುತ್ತದೆ. ಅಧ್ಯಕ್ಷತೆ ಅವರದೇ, ಭಾಷಣಕಾರರನ್ನು ಆರಿಸುವುದೂ ಅವರೇ. ಇದರಿಂದ ಆಗುವ ಉಪಕಾರ ಸಣ್ಣದಲ್ಲ. ದೊಡ್ಡವರು ಬಂದಿಳಿಯುವ ಹೊತ್ತಿಗೆ ಹುಡುಗರಿಗೆ ಆಗಲೇ ಹತ್ತು ಮಂದಿಯ ಹೆಸರು ಗೊತ್ತಿರುತ್ತದೆ, ಊಟದ ಮೇಜಿಗೆ ತಟ್ಟೆ ಹಿಡಿದು ಒಬ್ಬರೇ ನಿಲ್ಲುವ ಪ್ರಮೇಯ ಬರುವುದಿಲ್ಲ. ಆ ತಟ್ಟೆ ಹಿಡಿದು ನಿಂತವರಿಗಷ್ಟೇ ಗೊತ್ತು ಅದರ ಸಂಕಟ.

ಸಮ್ಮೇಳನಗಳ ಮಹಿಮೆ ಹೇಳುವವರೆಲ್ಲ ಕ್ರಿಸ್ಪರ್ ಕಥೆ ಹೇಳುತ್ತಾರೆ, ಜೀನುಗಳನ್ನು ಬೇಕಾದಲ್ಲಿ ಕತ್ತರಿಸುವ ಸಾಧನದ ಕಥೆ. 2011ರ ಮಾರ್ಚ್‌ನಲ್ಲಿ ಪೋರ್ಟೊ ರಿಕೋದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಗಳ ಸಭೆ. ಅಲ್ಲಿ ಎಮಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಮೊದಲ ಸಲ ಭೇಟಿಯಾದರು, ಹಳೆ ಸಾನ್ ಹುವಾನ್‌ನ ಬೀದಿಗಳಲ್ಲಿ ನಡೆಯುತ್ತ ಮಾತಾಡಿದರು, ಮರುವರ್ಷ ಪ್ರಬಂಧ, 2020ರಲ್ಲಿ ನೊಬೆಲ್. ನಿಜವೇ. ಆದರೆ ಇದನ್ನು ಹೊಸಬರಿಗೆ ಹೇಳುವಾಗ ನನಗೆ ಸ್ವಲ್ಪ ಇರಿಸುಮುರಿಸು. ಆ ಹೊತ್ತಿಗೆ ಇಬ್ಬರೂ ಸ್ವಂತ ಲ್ಯಾಬ್ ಇದ್ದ, ಹೆಸರು ಮಾಡಿದ್ದ ವಿಜ್ಞಾನಿಗಳು. ಜೊತೆಗೆ ನಡೆಯೋಣ ಬನ್ನಿ ಎಂದು ಅವರನ್ನು ಕರೆಯಲು ಜನರಿದ್ದರು.

ಆ ಕಥೆಯಲ್ಲಿ ನನಗೆ ಬೇಕಾದ ಪಾತ್ರಗಳು ಬೇರೆ. 2012ರ ಪ್ರಬಂಧದಲ್ಲಿ ಸಮಪಾಲಿನ ಮೊದಲ ಲೇಖಕರು ಇಬ್ಬರು: ಡೌಡ್ನಾ ಲ್ಯಾಬಿನ ಪೋಸ್ಟ್‌ಡಾಕ್ ಮಾರ್ಟಿನ್ ಯೀನೆಕ್, ಶಾರ್ಪೆಂಟಿಯೆ ಲ್ಯಾಬಿನ ಪಿಎಚ್‌.ಡಿ. ವಿದ್ಯಾರ್ಥಿ ಕ್ರಿಸ್ಟಾಫ್ ಖಿಲಿನ್ಸ್ಕಿ. ಕೆಲಸ ಮಾಡಿದ ಕೈಗಳು ಇವು. ಯೀನೆಕ್ ಜೆಕ್ ದೇಶದವರು, ಆದರೆ ಬೆಳೆದದ್ದು ಪೋಲೆಂಡಿನ ಗಡಿಯ ಹತ್ತಿರ, ಪೋಲಿಷ್ ಬರುತ್ತಿತ್ತು, ಖಿಲಿನ್ಸ್ಕಿ ಪೋಲೆಂಡಿನವರೇ. ಖಂಡಾಂತರದಲ್ಲಿ ಕೂತು, ಸ್ಕೈಪ್‌ನಲ್ಲಿ, ಪೋಲಿಷ್ ಮಾತಾಡುತ್ತ ಪ್ರಯೋಗಗಳನ್ನು ಚರ್ಚಿಸಿದರಂತೆ. ದೊಡ್ಡವರ ಕೈಕುಲುಕಾಟ ಬಾಗಿಲು ತೆಗೆಯಿತು, ಸರಿ. ಒಳಗೆ ಹೋಗಿ ಮನೆ ಕಟ್ಟಿದವರು ಚಿಕ್ಕವರು. ಸಮ್ಮೇಳನ ಯೋಜಿಸುವಾಗ ನಾವು ಸಾಮಾನ್ಯವಾಗಿ ಮೊದಲನೆಯದಕ್ಕೆ ತಲೆ ಕೆಡಿಸಿಕೊಳ್ಳುತ್ತೇವೆ, ಎರಡನೆಯದನ್ನು ದೇವರಿಗೆ ಬಿಡುತ್ತೇವೆ.

ಬಿಡಬೇಕಾಗಿಲ್ಲ. ಹಾರ್ವರ್ಡ್‌ನಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು, 2017ರಲ್ಲಿ ಪ್ರಕಟವಾಯಿತು: ವೈದ್ಯಕೀಯ ಸಂಶೋಧಕರನ್ನು ಲಾಟರಿ ಎತ್ತಿದ ಹಾಗೆ ಬೇರೆ ಬೇರೆ ಕೋಣೆಗಳಿಗೆ ಹಂಚಿ 90 ನಿಮಿಷ ಮಾತಾಡಲು ಬಿಟ್ಟರು. ಒಂದೇ ಕೋಣೆಗೆ ಬಿದ್ದವರು ಮುಂದೆ ಜೊತೆಯಾಗಿ ಅನುದಾನಕ್ಕೆ ಅರ್ಜಿ ಹಾಕುವ ಸಾಧ್ಯತೆ ಶೇ. 75ರಷ್ಟು ಹೆಚ್ಚಿತು. ಬರೀ ಒಂದೂವರೆ ಗಂಟೆ! ಆಕಸ್ಮಿಕ ಭೇಟಿ ಎನ್ನುತ್ತೇವಲ್ಲ, ಅದಕ್ಕೆ ಕುರ್ಚಿ ಹಾಕಿಕೊಡಬಹುದು.

ಈಗ ಕೆಲವು ವರ್ಷಗಳಿಂದ ನಾನು ಅರ್ಜಿ ಹಾಕುವವರ ಸಾಲಿನಿಂದ ಅರ್ಜಿ ನೋಡುವವರ ಸಾಲಿಗೆ ಬಂದಿದ್ದೇನೆ. ಸಮ್ಮೇಳನದಲ್ಲಿ ಮಾತಾಡಲು ಬಯಸುವವರು ಕಳಿಸುವ ಸಾರಾಂಶಗಳಿಗೆ, ಅಬ್‌ಸ್ಟ್ರಾಕ್ಟ್‌ಗಳಿಗೆ, ಅಂಕ ಕೊಡುವ ಸಮಿತಿ. ಒಂದು ವರ್ಷ, ಸಮಿತಿಯ ಕಿರಿಯರೊಬ್ಬರ ಹಠಕ್ಕೆ ಮಣಿದು, ಹೆಸರು ಮತ್ತು ಸಂಸ್ಥೆ ಮುಚ್ಚಿ ಓದಿದೆವು. ಅಂಕ ಕೊಟ್ಟು ಮುಗಿದ ಮೇಲೆ ಹೆಸರು ತೆರೆದಾಗ ನನಗೆ ನಾಚಿಕೆಯಾಯಿತು. ನಾನು 'ಸಾಧಾರಣ' ಎಂದು ಬದಿಗಿಟ್ಟದ್ದು ನಾನು ಬಹಳ ಗೌರವಿಸುವ ಲ್ಯಾಬಿನದು. ಹೆಸರು ಕಂಡಿದ್ದರೆ ಖಂಡಿತ ಮೇಲೆ ಹಾಕುತ್ತಿದ್ದೆ. ಮೊದಲ ಐದರಲ್ಲಿ ಇಟ್ಟಿದ್ದ ಒಂದು, ನಾನು ಹೆಸರೇ ಕೇಳಿರದ ವಿದ್ಯಾರ್ಥಿಯದು. ಆ ವಿದ್ಯಾರ್ಥಿ ಬಂದು ಹನ್ನೆರಡು ನಿಮಿಷ ಮಾತಾಡಿದರು. ತುಸು ಗಡಿಬಿಡಿ, ಸ್ಲೈಡಿನಲ್ಲಿ ಅಕ್ಷರ ಹೆಚ್ಚು. ಆದರೆ ಪ್ರಶ್ನೋತ್ತರ ಮುಗಿದ ಮೇಲೂ ವೇದಿಕೆಯ ಕೆಳಗೆ ನಾಲ್ಕು ಜನ ಸುತ್ತುವರಿದು ನಿಂತಿದ್ದರು.

ಈ ಕುರುಡು ಮೌಲ್ಯಮಾಪನವನ್ನು ಪೂರ್ತಿ ಒಗ್ಗಿಸಿಕೊಂಡ ಒಂದು ಕೂಟ ನಮ್ಮಲ್ಲೇ ಇದೆ. ಪ್ರೋಟೀನಿನ ಆಕಾರವನ್ನು ಊಹಿಸುವವರ ಸ್ಪರ್ಧೆ ಕ್ಯಾಸ್ಪ್, 1994ರಿಂದ ಎರಡು ವರ್ಷಕ್ಕೊಮ್ಮೆ. ಇನ್ನೂ ಪ್ರಕಟವಾಗದ ರಚನೆಗಳನ್ನು ಊಹಿಸಿ ಕಳಿಸಬೇಕು. ಅಂಕ ಹಾಕುವವರಿಗೆ ತಂಡದ ಹೆಸರು ಗೊತ್ತಿರುವುದಿಲ್ಲ, ಸಂಖ್ಯೆ ಮಾತ್ರ. 2020ರಲ್ಲಿ ಎಲ್ಲರನ್ನೂ ಬಹುದೂರ ಹಿಂದೆ ಹಾಕಿದ ತಂಡದ ಸಂಖ್ಯೆ 427. ಅದು ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆ ಕಟ್ಟಿದವರ ತಂಡ ಎಂದು ಆಮೇಲೆ ಗೊತ್ತಾಯಿತು. ಅದರ ಮುಂದಾಳು ಜಾನ್ ಜಂಪರ್ ಪಿಎಚ್‌.ಡಿ. ಮುಗಿಸಿದ್ದು 2017ರಲ್ಲಿ, ನೊಬೆಲ್ ಬಂದದ್ದು 2024ರಲ್ಲಿ. ಅವರ ಹಿಂದೆ ಡೀಪ್‌ಮೈಂಡ್ ಎಂಬ ಕಂಪನಿಯ ಬಲವಿತ್ತು ಎಂಬುದನ್ನು ಮರೆಯಬಾರದು. ಆದರೂ, ಎಷ್ಟು ಹಳಬರು ಎಂದು ಕೇಳದೆ ಉತ್ತರ ಸರಿಯೋ ತಪ್ಪೋ ಎಂದಷ್ಟೇ ನೋಡುವ ವೇದಿಕೆ ಹೊಸಬರಿಗೆ ಎಷ್ಟು ದೊಡ್ಡ ಆಸರೆ!

ಪ್ರಶ್ನೋತ್ತರದ ಬಗ್ಗೆ ಒಂದು ಮಾತು. 10 ದೇಶಗಳ ಸುಮಾರು 250 ವಿಭಾಗೀಯ ಸೆಮಿನಾರುಗಳನ್ನು ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಪ್ರಶ್ನೆ ಕೇಳುವವರು ಗಂಡಸರೇ ಆಗಿರುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚು. ಮೊದಲ ಪ್ರಶ್ನೆ ಗಂಡಸಿನದಾದರೆ ಆಮೇಲೆ ಕೈ ಎತ್ತುವ ಹೆಂಗಸರು ಇನ್ನೂ ಕಡಿಮೆ. ಇದನ್ನು ಓದಿದ ಮೇಲೆ ನಾನು ಸೆಷನ್ ನಡೆಸುವಾಗ ಮೊದಲ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೇ ಕಾದಿರಿಸುತ್ತೇನೆ. ಮೊದಮೊದಲು ಹದಿನೈದು ಇಪ್ಪತ್ತು ಸೆಕೆಂಡು ಯಾರೂ ಉಸಿರೆತ್ತುವುದಿಲ್ಲ. ಮುಂದಿನ ಸಾಲಿನ ಹಿರಿಯರು ಚಡಪಡಿಸುತ್ತಾರೆ. ಚಡಪಡಿಸಲಿ. ಎರಡನೇ ದಿನಕ್ಕೆ ಹಿಂದಿನ ಸಾಲಿನಿಂದ ಕೈಗಳು ಏಳುತ್ತವೆ.

ಇನ್ನು ದುಡ್ಡಿನ ವಿಚಾರ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ: ಹೋಗಲೇಬೇಕಾದ ವಯಸ್ಸಿನಲ್ಲಿ ಕೈ ಬರಿದು, ಕರೆದು ಖರ್ಚು ಕೊಡುವ ಕಾಲಕ್ಕೆ ಮಂಡಿನೋವು. ಟ್ರಾವೆಲ್ ಗ್ರಾಂಟ್ ಇದೆಯಲ್ಲ ಎನ್ನಬಹುದು. ಅದರಲ್ಲಿ ಬಹಳಷ್ಟು ಕೊಡುವುದು 'ಮೊದಲು ನೀವು ಖರ್ಚು ಮಾಡಿ, ಆಮೇಲೆ ರಸೀದಿ ಕಳಿಸಿ' ಎಂಬ ಲೆಕ್ಕದಲ್ಲಿ. ನಮ್ಮ ಲ್ಯಾಬಿನ ಹುಡುಗಿಯೊಬ್ಬಳಿಗೆ ಹೀಗೇ ಒಂದು ಗ್ರಾಂಟ್ ಬಂತು. ವಿಮಾನದ ಟಿಕೆಟ್‌ಗೆ ಅಕ್ಕನ ಹತ್ತಿರ ಸಾಲ, ಹೋಟೆಲಿಗೆ ಗೆಳತಿಯ ಕ್ರೆಡಿಟ್ ಕಾರ್ಡ್. ಬಂದ ವಾರದಲ್ಲೇ ಎಲ್ಲ ರಸೀದಿ ಜೋಡಿಸಿ ಕಳಿಸಿದಳು. ಮೂಲ ಪ್ರತಿ ಬೇಕು ಎಂಬ ಪತ್ರ ನಾಲ್ಕು ತಿಂಗಳ ಮೇಲೆ ಬಂತು. ಟ್ಯಾಕ್ಸಿಯವರು ಕೊಟ್ಟಿದ್ದ ಥರ್ಮಲ್ ಕಾಗದದ ಚೀಟಿಗಳು ಅಷ್ಟರಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗಿದ್ದವು. "ಮೇಡಂ, ಇದನ್ನೇ ಕಳಿಸಲಾ?" ಎಂದು ಆ ಖಾಲಿ ಚೀಟಿಗಳನ್ನು ಬೆರಳ ನಡುವೆ ಹಿಡಿದು ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಟಿಕೆಟನ್ನು ಸಂಘಟಕರೇ ಕೊಂಡು ಕೊಟ್ಟರೆ ಇದ್ಯಾವುದೂ ಇರುವುದಿಲ್ಲ. ಹಾಗೆ ಮಾಡಿ ಎಂದು ಸಮಿತಿಯಲ್ಲಿ ಹೇಳಿದರೆ 'ಲೆಕ್ಕಪತ್ರಕ್ಕೆ ಕಷ್ಟ' ಎಂಬ ಉತ್ತರ ಬರುತ್ತದೆ. ಯಾರ ಕಷ್ಟ ಯಾರು ಹೊರಬೇಕು ಎಂಬುದೇ ಇಲ್ಲಿ ತಕರಾರು. ವೀಸಾ ಬೇಕಾದವರಿಗೆ ಆಹ್ವಾನ ಪತ್ರವನ್ನು ಆರು ತಿಂಗಳು ಮೊದಲೇ ಕೊಡಬೇಕು, ಮಗು ಇರುವವರಿಗೆ ಮಗು ನೋಡಿಕೊಳ್ಳುವ ವ್ಯವಸ್ಥೆ ಬೇಕು. ಇವೆಲ್ಲ ಹೊಸ ಮಾತೇನಲ್ಲ, ಹೇಳಿ ಹೇಳಿ ಸವೆದದ್ದು.

2020ರಲ್ಲಿ ಸಭೆಗಳೆಲ್ಲ ಪರದೆಗೆ ಬಂದಾಗ ಈ ಖರ್ಚಿನ ಗೋಳು ತಪ್ಪಿತು, ಕೇಳಲು ಬಂದವರ ಸಂಖ್ಯೆಯೂ ಏರಿತು. ನಾನೂ ಇದೇ ಸರಿ ಅಂದುಕೊಂಡೆ. ಆದರೆ ಚಾಟ್ ಪೆಟ್ಟಿಗೆಯಲ್ಲಿ ಮೊದಲ ಪ್ರಶ್ನೆ ಮಾತ್ರ ಬರುತ್ತದೆ. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಇನ್ನೊಂದು ಕಿಟಕಿ ತೆರೆದಿರುತ್ತಾರೆ.

ಎಂಜಿನಿಯರಿಂಗ್ ಪಕ್ಕದ ಹುಡುಗರಿಗೆ ಗೈಡ್‌ಗಳು ಹೇಳಲು ಮರೆಯುವ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸುತ್ತೇನೆ. ನಿಮ್ಮ ಕೆಲಸದಲ್ಲಿ ಪೇಟೆಂಟ್ ಆಗುವಂಥದ್ದಿದ್ದರೆ ಪೋಸ್ಟರ್ ಅಂಟಿಸುವ ಮೊದಲು ಅರ್ಜಿ ಹಾಕಿ. 2004ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಕ್ಲಾಪ್‌ಫೆನ್‌ಸ್ಟೈನ್ ಪ್ರಕರಣದಲ್ಲಿ, ಸಮ್ಮೇಳನದಲ್ಲಿ ಎರಡೂವರೆ ದಿನ ನಿಲ್ಲಿಸಿದ್ದ ಪೋಸ್ಟರನ್ನೂ ಮುದ್ರಿತ ಪ್ರಕಟಣೆ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿತು. ಪ್ರತಿ ಹಂಚಿರಲಿಲ್ಲ, ಗ್ರಂಥಾಲಯಕ್ಕೆ ಕೊಟ್ಟಿರಲಿಲ್ಲ, ಆದರೂ. ಎರಡು ವರ್ಷ ಬಿಟ್ಟು ಹಾಕಿದ ಪೇಟೆಂಟ್ ಅರ್ಜಿ, ವಿಷಯ ಮೊದಲೇ ಬಯಲಾಗಿತ್ತೆಂದು, ಬಿದ್ದುಹೋಯಿತು. ಅಮೆರಿಕದಲ್ಲಾದರೆ ತೋರಿಸಿದ ಮೇಲೆ ಒಂದು ವರ್ಷದ ಅವಕಾಶವಿದೆ, ಯುರೋಪಿನಲ್ಲಿ ಸಾಮಾನ್ಯವಾಗಿ ಅದೂ ಇಲ್ಲ. ಹಾಗೆಂದು ಏನನ್ನೂ ತೋರಿಸದೆ, ಮುಖ್ಯವಾದದ್ದನ್ನೆಲ್ಲ ಬೂದು ಚೌಕದಿಂದ ಮುಚ್ಚಿದ ಪೋಸ್ಟರುಗಳನ್ನೂ ನೋಡಿದ್ದೇನೆ. ಅಂಥ ಪೋಸ್ಟರಿನ ಮುಂದೆ ಎರಡನೇ ಪ್ರಶ್ನೆ ಎಲ್ಲಿಂದ ಬರಬೇಕು? ಪೇಟೆಂಟ್ ಅರ್ಜಿ ಹಾಕಿ, ಪತ್ರಿಕೆಯಲ್ಲಿ ಬರುವ ಮುಂಚಿನ ಪ್ರಬಂಧದ ಪ್ರತಿಯನ್ನು, ಪ್ರಿಪ್ರಿಂಟನ್ನು, ಅಂತರ್ಜಾಲಕ್ಕೆ ಏರಿಸಿ, ಆಮೇಲೆ ಸೋತ ಜೆಲ್ ಸಮೇತ ಎಲ್ಲವನ್ನೂ ಹರವಿಕೊಂಡು ನಿಲ್ಲಿ.

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಹೇಳದಿದ್ದರೆ ಆಗದು. ಹೋದ ಸಮ್ಮೇಳನದಲ್ಲಿ ಹಾಲ್‌ನ ಕೊನೆಯ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿಯ ಹತ್ತಿರ ನಿಂತೆ. ಅವನ ಪ್ರೋಟೀನೂ ಪೆಲೆಟ್‌ಗೇ ಹೋಗುತ್ತಿತ್ತು. ಚಿತ್ರಗಳನ್ನು ಕಳಿಸು, ನೋಡಿ ಹೇಳುತ್ತೇನೆ ಎಂದು ಧಾರಾಳವಾಗಿ ಮಾತು ಕೊಟ್ಟೆ. ವಾರದೊಳಗೆ ಅವನ ಮೇಲ್ ಬಂತು: ನಾಲ್ಕು ಜೆಲ್, ಪ್ರತಿಯೊಂದಕ್ಕೂ ಒಪ್ಪವಾಗಿ ಬರೆದ ವಿವರ, ಕೊನೆಗೆ 'ನಿಮಗೆ ಬಿಡುವಾದಾಗ'. ಅದಕ್ಕೆ ನಕ್ಷತ್ರದ ಗುರುತು ಹಾಕಿಟ್ಟೆ. ಈಗ ಏಳು ವಾರವಾಯಿತು.

ಈ ಬರಹ ಶುರು ಮಾಡುವ ಮುಂಚೆ ಅದನ್ನು ತೆರೆದು ನೋಡಿದೆ. ಮೂರನೇ ಜೆಲ್‌ನ ನಾಲ್ಕನೇ ಲೇನ್‌ನಲ್ಲಿ, ತಿಳಿದ್ರವದ ಕಡೆ, ಏನೋ ತೆಳುವಾಗಿ ಇದ್ದ ಹಾಗಿದೆ. ಅವನು ಗಮನಿಸಿಲ್ಲ. ಆ ದಿನ ಕೋಶಗಳನ್ನು ಒಡೆಯುವ ದ್ರಾವಣದಲ್ಲಿ, ಬಫರ್‌ನಲ್ಲಿ, ಏನು ಬೇರೆ ಹಾಕಿದ್ದೆ ಎಂದು ಕೇಳಬೇಕು.